ಎದುರಿನವರ ಮಾತು

ಗದಗದ ವಾರ್ಡ್ ಸಭೆಯಲ್ಲಿ ಮೈಕಿನ ದೀಪ ಕೆಂಪಾಗಿಯೇ ಇತ್ತು. ಎಲ್ಲ ಊರುಗಳಂತೆ ಇಲ್ಲೂ, ಎದುರಿನವರ ಅಭಿಪ್ರಾಯವನ್ನು ಅವರೇ ಒಪ್ಪುವಂತೆ ಹೇಳಿದ ಮೇಲಷ್ಟೇ ಮೈಕು ನಮ್ಮ ಮಾತಿಗೆ ತೆರೆದುಕೊಳ್ಳುತ್ತಿತ್ತು.

ಹೊಲಿಗೆ ಕಲಿಸುವ ಶಿವಲೀಲಾ ವಾರವಿಡೀ ತನ್ನ ಭಾಷಣವನ್ನು ಬಾಯಿಪಾಠ ಮಾಡಿದ್ದಳು. ತಾನಾಗಿಯೇ ಹೊಲಿಯುವ ಮಷೀನು ವಾರ್ಡಿಗೆ ಬಂದರೆ ಅವಳ ತರಗತಿ ಮುಚ್ಚುತ್ತಿತ್ತು. ಆದರೆ ಮಷೀನು ಬೇಕೆಂದವನು ಮೂವತ್ತು ವರ್ಷದಿಂದ ಕೈಯಲ್ಲೇ ಹೊಲಿಯುತ್ತ ಬಂದ ಟೇಲರ್ ಮೆಹಬೂಬಸಾಬ.

"ಇವ್ರಿಗೆ ದುಡಿಯಾಕ ಬ್ಯಾಸರ ಬಂದೈತಿ," ಎಂದಳು ಶಿವಲೀಲಾ.

ಮೆಹಬೂಬಸಾಬ ತಲೆ ಅಲ್ಲಾಡಿಸಿದ. ದೀಪ ಕೆಂಪು.

"ಮಷೀನು ನಮಗಿಂತ ಚೊಲೊ ಹೊಲೀತೈತಿ ಅಂತಾರ."

"ಅಲ್ಲಬೇ." ಮತ್ತೆ ಕೆಂಪು. ಜನ ನಕ್ಕರು.

ಶಿವಲೀಲಾಗೆ ರೇಗಿತು. "ಹಂಗಾರ ನೀವ ಹೇಳ್ರಿ, ಯಾಕ ಬೇಕು?"

ಅವನು ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ನಡುಗುತ್ತಿದ್ದವು. "ಅಳತಿ, ಕಟಿಂಗು ಎಲ್ಲಾ ತಲ್ಯಾಗ ಐತಿ ತಂಗಿ. ಸೂಜಿ ಅಷ್ಟ ಮಾತ ಕೇಳವಲ್ದು."

ಶಿವಲೀಲಾ ಅದನ್ನೇ ಮೆಲ್ಲಗೆ ಮೈಕಿಗೆ ಹೇಳಿದಳು. ಅವನು ತಲೆದೂಗಿದ. ದೀಪ ಹಸಿರಾಯಿತು. ಈಗ ಬಾಯಿಪಾಠದ ಒಂದು ಸಾಲೂ ಅವಳ ನಾಲಿಗೆಗೆ ಬರಲಿಲ್ಲ.

"ಮಷೀನು ತರ್ರಿ," ಎಂದಳು. "ತರಗತಿ ಮುಚ್ಚಬ್ಯಾಡ್ರಿ. ಹೊಲಿಗಿ ನಾ ಕಲಸ್ತೀನಿ, ಕಟಿಂಗು ಅಣ್ಣಾರು ಕಲಸಲಿ."

ಸಭೆ ಚಪ್ಪಾಳೆ ತಟ್ಟಿತು. ಉತ್ತರಿಸಬೇಕಾದ ಮೆಹಬೂಬಸಾಬ ಅವಳ ಮಾತನ್ನು ಒಂದೇ ಉಸಿರಿಗೆ ತಿರುಗಿ ಹೇಳಿದ. ಅವನಿಗೂ ಹಸಿರು ಬಂತು. ಆದರೆ ವಾದಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ.

ಮೈಕಿನಲ್ಲೇ ಕೇಳಿದ, "ನಾಳಿ ಎಷ್ಟ ಗಂಟೆಕ್ಕ ಬರ್ಲಿ, ತಂಗಿ?"