ಅಮ್ಮನ ಅಳತೆ

"ಅಮ್ಮಾ, ಇನ್ನೊಂಚೂರು ಹಿಂದೆ ಸರೀರಿ. ಗೋಡೆ ಮೇಲಿನ ಗೆರೆಯೊಳಗೆ ನೀವು ಸರಿಯಾಗಿ ಹೊಂದ್ಕೋಬೇಕು," ಎಂದ ಫೋಟೋಗ್ರಾಫರ್. ಅಮ್ಮ ಸರಿದು, ಪಕ್ಕಕ್ಕೆ ಮುಖ ಮಾಡಿ ನಿಂತರು. ಗೋಡೆಯ ಮೇಲಿನ ಆ ಆಳಿನಾಕಾರದ ಗೆರೆಯ ನೆತ್ತಿ ಅಮ್ಮನ ಕಿವಿಯ ಹತ್ತಿರವೇ ನಿಂತುಬಿಟ್ಟಿತು. ಫೋಟೋಗ್ರಾಫರ್ ತಲೆ ಕೆರೆದುಕೊಂಡು, "ಬೆಳಕು ಸಾಲ್ತಿಲ್ಲ, ಇನ್ನೊಂದು ದೀಪ ತರ್ತೀನಿ," ಎಂದು ಹೊರಗೆ ಹೋದ.

ಆ ಗೆರೆ ಅಂತಿಂಥದ್ದಲ್ಲ. ಕಟ್ಟಡ ಕಟ್ಟಿಸುವ ಯಜಮಾನರ ಸಂಸ್ಥೆ ಹುಟ್ಟಿದ್ದೇ ಈ ಕೋಣೆಯಲ್ಲಿ. ಮೊದಲ ಕೆಲಸ, ನರ್ಸುಗಳ ವಸತಿಗೃಹದ ನಕ್ಷೆ ಬರೆಯುವಾಗ ಯಜಮಾನರು ಪುಸ್ತಕದ ಅಳತೆಯನ್ನು ನಂಬಲಿಲ್ಲ. ಹೆಂಡತಿಯನ್ನೇ, ಈ ಅಮ್ಮನನ್ನೇ, ಗೋಡೆಗೆ ನಿಲ್ಲಿಸಿ ಸುತ್ತ ಪೆನ್ಸಿಲ್ ಎಳೆದರು. ಮಡಿಸಿದ ಕೈ ಬಂದಲ್ಲಿಗೆ ಅಡುಗೆ ಕಟ್ಟೆ, ಕಣ್ಣು ಬಂದಲ್ಲಿಗೆ ಕಿಟಕಿ. ಅಲ್ಲಿಂದೀಚೆಗೆ ಸಂಸ್ಥೆ ಕಟ್ಟಿಸಿದ ಆಸ್ಪತ್ರೆ, ಶಾಲೆ, ಸಾಲುಮನೆಗಳಿಗೆಲ್ಲ ಅದೇ ಅಳತೆ. ಕಚೇರಿಯಲ್ಲಿ ಅದಕ್ಕೆ 'ಅಮ್ಮನ ಅಳತೆ' ಎಂದೇ ಹೆಸರು. ಬಾಗಿಲ ಫಲಕದ ಮೇಲೂ ಅದೇ ಗೆರೆ. ತುಸು ಬಾಗಿದ ಆ ತಲೆಯನ್ನು ಪತ್ರಿಕೆಯವರು 'ವಿನಯದ ಭಂಗಿ' ಎಂದು ಹೊಗಳಿ ಅಟ್ಟಕ್ಕೇರಿಸಿದ್ದರು. ಈಗ ಸಂಸ್ಥೆಗೆ ಐವತ್ತು ವರ್ಷ ತುಂಬುತ್ತಿತ್ತು. ಅದರ ಚರಿತ್ರೆಯ ಪುಸ್ತಕದ ಮುಖಪುಟಕ್ಕೆ ಗೆರೆ ಬೇಕು, ಗೆರೆಯೊಳಗೆ ಅಮ್ಮ ಬೇಕು.

ಸಂಸ್ಥೆಯನ್ನು ಈಗ ನಡೆಸುತ್ತಿದ್ದ ಸೊಸೆಗೆ ಮಾತ್ರ ಆ ಗೆರೆ ಗಂಟಲ ಮುಳ್ಳಾಗಿತ್ತು. ಕಟ್ಟೆ ತಗ್ಗಾಯಿತು, ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ ಎಂದು ಹೆಂಗಸರು ಹೇಳಿ ಹೇಳಿ ಸೋತಿದ್ದರು. ಹೊಸ ಬಡಾವಣೆಯ ನೂರಾರು ಮನೆಗಳಿಗಾದರೂ ಕಟ್ಟೆ ಎತ್ತರಿಸೋಣ ಎಂದು ಅವಳು ಕೇಳಿಕೊಂಡರೆ, ಮಾವ ಆ ನಕ್ಷೆಗೆ ರುಜುವನ್ನೇ ಹಾಕಿರಲಿಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. "ಜೀವಂತ ಹೆಂಗಸನ್ನ ನಿಲ್ಲಿಸಿ ಅಳೆದದ್ದಮ್ಮಾ, ತಪ್ಪೋಕೆ ಸಾಧ್ಯವೇ ಇಲ್ಲ," ಎನ್ನುವುದು ಅವರ ಒಂದೇ ಮಾತು.

"ಏನೇ ಇದು, ಈ ವಯಸ್ಸಲ್ಲಿ ಉದ್ದ ಬೆಳೀತಿದ್ದೀಯಾ?" ಸೊಸೆಯ ಜೊತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದ ಯಜಮಾನರು ನಕ್ಕರು. "ಮೊದಲು ಚಪ್ಪಲಿ ಬಿಡು."

"ಬಿಟ್ಟೇ ಬಂದಿದ್ದೀನ್ರೀ."

"ಹಾಗಾದ್ರೆ ನೆಲ ಎತ್ತರ ಆಗಿದೆ. ಆಮೇಲೆ ಕಲ್ಲು ಹಾಸಿದ್ವಲ್ಲ."

"ಈ ಕೋಣೆಗೆ ಹಾಸಿಲ್ಲ ಮಾವ," ಎಂದಳು ಸೊಸೆ. "ಹಳೇ ನೆಲ ಮುಟ್ಟಕೂಡದು ಅಂತ ನೀವೇ ಹಠ ಹಿಡಿದಿದ್ರಿ."

ಯಜಮಾನರ ನಗು ಅರ್ಧಕ್ಕೇ ನಿಂತಿತು. ವಯಸ್ಸಾದವರು ಕುಗ್ಗುವುದನ್ನು ಅವರು ಕಂಡಿದ್ದರು. ಬೆಳೆದವರನ್ನು ಎಲ್ಲಿಯೂ ಕಂಡಿರಲಿಲ್ಲ. ಜೇಬಿನಿಂದ ಟೇಪು ತೆಗೆದು ಗೆರೆಯನ್ನು ಅಳೆದರು, ಹೆಂಡತಿಯನ್ನು ಅಳೆದರು, ಮತ್ತೆ ಗೆರೆಯನ್ನು ಅಳೆದರು.

"ಅತ್ತೆ, ಆವತ್ತು ನೀವು ಹೇಗೆ ನಿಂತಿದ್ರಿ?"

"ನೆಟ್ಟಗೇ ನಿಂತಿದ್ದಳು," ಯಜಮಾನರೇ ಬಾಯಿ ಹಾಕಿದರು. "ನೆಟ್ಟಗೆ ನಿಲ್ಲು ಅಂತ ನಾನೇ ಹೇಳಿದ್ದೆ."

"ಹೇಳಿದ್ರಿ," ಎಂದರು ಅಮ್ಮ. "ಆವತ್ತು ನನ್ನ ಕೈಲಿ ಎಷ್ಟು ಆಗ್ತಿತ್ತೋ ಅಷ್ಟು ನೆಟ್ಟಗೆ ನಿಂತಿದ್ದೆ."

ಹಾಗೆಂದು ಅವರು ಒಂದು ಕೈಯನ್ನು ಕಿಬ್ಬೊಟ್ಟೆಗೆ ಒತ್ತಿ ಹಿಡಿದರು. ಮಂಡಿ ತುಸು ಸಡಿಲವಾಯಿತು, ಬೆನ್ನು ಬಾಗಿತು, ಕತ್ತು ಮುಂದಕ್ಕೆ ಜಗ್ಗಿತು. ಗೋಡೆಯ ಗೆರೆ ಅವರನ್ನು ಗಪ್ಪನೆ ಹಿಡಿದುಕೊಂಡಿತು. ನೆತ್ತಿಗೆ ನೆತ್ತಿ, ಮೂಗಿಗೆ ಮೂಗು, ಬೆನ್ನಿಗೆ ಬೆನ್ನು, ಕೂದಲೆಳೆಯ ಅಂತರವಿಲ್ಲ. ಊರೆಲ್ಲ ಅಡುಗೆ ಕಟ್ಟೆಯ ಎತ್ತರವಾಗಿ ಹೋದ ಆ ಮಡಿಸಿದ ಕೈ, ಅಮ್ಮ ಹೊಟ್ಟೆಯನ್ನು ಅದುಮಿಕೊಂಡಿದ್ದ ಕೈ.

"ಹೊಲಿಗೆ ಇನ್ನೂ ಹಸಿ ಇತ್ತು," ಎಂದರು ಅಮ್ಮ, ಹಾಗೆಯೇ ಬಾಗಿಕೊಂಡು.

"ಯಾವ ಹೊಲಿಗೆ ಅತ್ತೆ?"

"ನಿನ್ನ ಗಂಡನಿಗಿಂತ ಮುಂಚೆ ಒಂದು ಹೆಣ್ಣು ಮಗು ಇತ್ತಮ್ಮಾ. ಹೊಟ್ಟೆ ಕೊಯ್ದು ತೆಗೆದ್ರು, ಮಗು ಅಳಲೇ ಇಲ್ಲ. ಮನೆಗೆ ಬಂದ ಮಾರನೇ ದಿನ ಇವರು ಪೆನ್ಸಿಲ್ ಹಿಡ್ಕೊಂಡು ಇಲ್ಲಿ ನಿಲ್ಲಿಸಿದ್ರು. ನಕ್ಷೆ ಕೊಡೋಕೆ ಹೊತ್ತಾಗ್ತಿತ್ತು, ಪಾಪ."

ಈ ಮನೆಗೆ ಬಂದು ಇಷ್ಟು ಕಾಲವಾದರೂ ಆ ಮಗುವಿನ ವಿಷಯ ಸೊಸೆಯ ಕಿವಿಗೆ ಬಿದ್ದಿರಲಿಲ್ಲ. ತಾನೂ ಇದೇ ಅಳತೆಯ ಕಟ್ಟೆಯ ಮುಂದೆ ದಿನಾ ಬೆಳಿಗ್ಗೆ ಬಗ್ಗಿ ನಿಲ್ಲುವುದು ಅವಳಿಗೆ ನೆನಪಾಯಿತು.

ಯಜಮಾನರ ಟೇಪು ಕೈಜಾರಿ ನೆಲದ ಮೇಲೆ ಸುರುಳಿ ಸುತ್ತಿಕೊಂಡಿತು. "ಯಾಕೆ... ನೀನ್ಯಾಕೆ ಆಗಲೇ ಹೇಳಲಿಲ್ಲ?"

ಅಮ್ಮ ತಲೆಯನ್ನಷ್ಟೇ ಅವರತ್ತ ತಿರುಗಿಸಿದರು. ಕೋಪವಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ ಹಾಗಿತ್ತು.

"ಏನಂತ ಹೇಳ್ಬೇಕಿತ್ತು? ಆಸ್ಪತ್ರೆಯಿಂದ ಕೈ ಹಿಡಿದು ಕರ್ಕೊಂಡು ಬಂದವರು ನೀವೇ ಅಲ್ವೇನ್ರೀ?"

ಬಾಗಿಲು ತೆರೆಯಿತು. ಫೋಟೋಗ್ರಾಫರ್ ದೀಪ ಹಿಡಿದು ಒಳಗೆ ಬಂದವನು ಗೋಡೆಯತ್ತ ನೋಡಿ ಖುಷಿಯಿಂದ ಕೂಗಿದ.

"ಹಾಂ! ಈಗ ನೋಡಿ, ಅಚ್ಚಿಗೆ ಹೊಯ್ದ ಹಾಗೆ ಕೂತಿತು. ಹಾಗೇ ಇರಿ ಅಮ್ಮಾ, ಅಲ್ಲಾಡಬೇಡಿ."

ಅಮ್ಮ ಅಲ್ಲಾಡಲಿಲ್ಲ.