ಅಜ್ಜಿಯ ಹೆಬ್ಬೆಟ್ಟು

ಸೊಗಡಿನ ಅವರೆಕಾಯಿ ಸುಲಿಯಲು ಕೂತರೆ ಈಗಲೂ ನನಗೆ ಹೆಬ್ಬಾಳದ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನಾನಾಗ ಐದನೇ ಕ್ಲಾಸು. ನಮ್ಮ ಬಾಡಿಗೆ ಮನೆಯ ಒಡತಿ ಪಕ್ಕದಲ್ಲೇ ಇದ್ದ ಒಕ್ಕಲು ಮನೆತನದ ಅಜ್ಜಿ. ಸೋರುವ ಹೆಂಚು ಬದಲಾಯಿಸಬೇಕು, ಬಾಡಿಗೆ ಹೆಚ್ಚಿಸಿ ಎಂದು ಕೇಳಿದ್ದರು. ಅಪ್ಪ ಒಪ್ಪಲಿಲ್ಲ. ಅಜ್ಜಿ ಹಳೇ ಬಾಡಿಗೆ ಮುಟ್ಟುವುದನ್ನೇ ಬಿಟ್ಟರು.

"ಹಳೇ ಬಾಡಿಗೇನೇ ಮನಿಯಾರ್ಡರ್ ಮಾಡ್ತೀನಿ. ಅವ್ರು ಹೆಬ್ಬೆಟ್ಟು ಒತ್ತಿ ತಗೊಂಡ್ರೆ ಸಾಕು, ಅದಕ್ಕೇ ಒಪ್ಪಿದ ಹಾಗೆ; ಕೋರ್ಟಿಗೆ ಹೋದ್ರೂ ನಮ್ಮನ್ನ ಖಾಲಿ ಮಾಡ್ಸೋಕಾಗಲ್ಲ," ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಪೋಸ್ಟ್‌ಮ್ಯಾನ್ ಬಂದಾಗ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಓದು ಬಾರದ ಅವರು ಫಾರಂ ಅನ್ನು ನನ್ನ ಕೈಗೆ ಕೊಟ್ಟರು.

"ನೋಡವ್ವಾ, ಬೊಂಬಾಯಿಂದ ನನ್ ಮಗ ಕಳ್ಸವ್ನಾ?"

ಅದರಲ್ಲಿ ಅಪ್ಪನ ದುಂಡಗಿನ ಅಕ್ಷರದಲ್ಲಿ ಅಪ್ಪನದೇ ಹೆಸರಿತ್ತು. ನಾನು ಹೂಂ ಎಂದೆ.

"ಅಂತೂ ಅವ್ವನ್ನ ನೆಪ್ಪು ಮಾಡ್ಕಂಡ," ಎನ್ನುತ್ತಾ ಅಜ್ಜಿ ಸೊಗಡು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿ ಹೆಬ್ಬೆಟ್ಟು ಒತ್ತಿದರು. ಆಮೇಲೆ ಮೊರದಲ್ಲಿದ್ದ ಕಾಳನ್ನೆಲ್ಲ ನನ್ನ ಲಂಗಕ್ಕೆ ಸುರಿದರು. "ಒಳ್ಳೇ ಸುದ್ದಿ ಏಳ್ದೆ. ಸಾರು ಮಾಡ್ಸ್ಕಂಡು ಉಣ್ಣವ್ವ."

ಅದೇ ಬಾಡಿಗೆಗೆ ನಾವು ಆ ಮನೆಯಲ್ಲಿ ಇನ್ನೂ ಒಂಬತ್ತು ವರ್ಷ ಇದ್ದೆವು. ಅಜ್ಜಿ ಮತ್ತೆಂದೂ ನನ್ನ ಕೈಲಿ ಏನನ್ನೂ ಓದಿಸಲಿಲ್ಲ.