ಹಿಂದಿನ ಸೀಟು

ಎರಡೇ ಬಾಗಿಲಿನ ಹೆರಾಲ್ಡ್ ಗಾಡಿಯ ಹಿಂದಿನ ಸೀಟಿನಲ್ಲಿ ರತ್ನಾಬಾಯಿ ಬೆವತು ನೀರಾಗಿದ್ದಳು. ಯಾರಾದರೂ ಮುಂದಿನ ಸೀಟು ಬಗ್ಗಿಸದೆ ಅಲ್ಲಿಂದ ಹೊರಬೀಳುವ ದಾರಿಯಿಲ್ಲ. "ಹೆಣ್ಣಮಕ್ಕಳಿಗೆ ಕೂಡಾಕ ಬರ್ತದೋ ಇಲ್ಲೋ ನೋಡೂಣು" ಎಂದು ಅವಳನ್ನು ಒಳಗೆ ತುರುಕಿದ ಮಾವ ಸಾತಲಿಂಗಪ್ಪ, ಈಗ ಬೇವಿನ ನೆರಳಲ್ಲಿ ಮಗ ಮತ್ತು ಗಾಡಿ ಮಾರಿಸುವ ದಲಾಲನ ಜೊತೆ ಚಹಾ ಕುಡಿಯುತ್ತಿದ್ದ. ಅವಳು ಗಾಜು ಬಡಿದಳು. ಗಂಡ ಅಮೃತಪ್ಪ "ಬಂದೆ" ಎಂದು ಕೈಯೆತ್ತಿ, ಕಪ್ಪಿನಿಂದ ಬಸಿಗೆ ಇನ್ನಷ್ಟು ಚಹಾ ಸುರುವಿಕೊಂಡ.

ಆಮೇಲೆ ಬಂದದ್ದು ಅಮೃತಪ್ಪ ಆಸೆಪಟ್ಟ ಕೆಂಪು ಗಾಡಿ. ಅದಕ್ಕೂ ಎರಡೇ ಬಾಗಿಲು, ಆದರೆ ಮೇಲೆ ಮುಚ್ಚುವ ಟಪ್ಪವೇ ಇಲ್ಲ. ಅಕ್ಕಲಕೋಟ ರಸ್ತೆಯಲ್ಲಿ ಒಂದು ಸುತ್ತು ಹೊಡೆದರು. ರತ್ನಾಬಾಯಿ ಹಾರುವ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹಿಂದೆ ಕೂತಿದ್ದಳು. ಗಾಡಿ ನಿಂತಿತು. ಗಂಡಸರು ಇಳಿದು, ಧಡಕ್ಕನೆ ಬಾಗಿಲು ಹಾಕಿ, ಮತ್ತೆ ಬೇವಿನ ಕಡೆ ನಡೆದರು.

ರತ್ನಾಬಾಯಿ ಎದ್ದು ನಿಂತಳು. ಕಚ್ಚೆ ತುಸು ಮೇಲಕ್ಕೆ ಸಿಗಿಸಿ, ಸೀಟಿನ ಮೇಲೊಂದು ಕಾಲು, ಗಾಡಿಯ ಅಂಚಿನ ಮೇಲೊಂದು ಕಾಲಿಟ್ಟು, ನಾಗಣಸೂರಿನ ತವರಿನಲ್ಲಿ ಹೊಲದ ಒಡ್ಡು ದಾಟುತ್ತಿದ್ದಷ್ಟೇ ಸಲೀಸಾಗಿ ನೆಲಕ್ಕೆ ಜಿಗಿದಳು. "ಮಾಂವಾರ, ಇದು ಬೇಷ್ ಅದರಿ!" ಮದುವೆಯಾದ ಮೇಲೆ ಮಾವನೆದುರು ಅವಳ ದನಿ ಇಷ್ಟು ಗಟ್ಟಿಯಾಗಿ ಹೊರಟದ್ದು ಇದೇ ಮೊದಲು.

ಸಾತಲಿಂಗಪ್ಪ ಕೆಂಪು ಬಣ್ಣದ ಮೇಲೆ ಮೂಡಿದ್ದ ಅವಳ ಹೆಜ್ಜೆಯ ಧೂಳನ್ನು ಧೋತರದ ಚುಂಗಿನಿಂದ ಒರೆಸಿದ. ಆಮೇಲೆ ದಲಾಲನ ಕಡೆ ತಿರುಗಿದ. "ಆ ಮೊದಲಿನ ಮುಚ್ಚಿದ ಗಾಡೀನ ಇರ್ಲಿ."

ಅಮೃತಪ್ಪ ಹೋಗಿ, ಮುಚ್ಚಿದ ಗಾಡಿಯ ಬಾಗಿಲು ತೆಗೆದು, ಮುಂದಿನ ಸೀಟು ಬಗ್ಗಿಸಿ ಹಿಡಿದ.

"ಬಾ, ಕೂಡು," ಅಂದ.